ಶೆಟ್ಟಿಹಳ್ಳಿಯ ಸ್ಯಾಕ್ಸೋಫೋನು, ಕುಣಿಗಲ್ಲಿನ ಗಟ್ಟಿಮೇಳ

ಐವತ್ತು ದಾಟಿದ ಹೆಂಗಸು ಹೊಸದಾಗಿ ಏನಾದರೂ ಕಲಿಯುತ್ತೇನೆ ಎಂದು ಬಾಯಿಬಿಟ್ಟರೆ ನಮ್ಮೂರಿನ ಜನ ಅವಳ ಮುಂದೆ ಎರಡೇ ದಾರಿ ಇಡುತ್ತಾರೆ. ಒಂದು ಭಜನೆ, ಇನ್ನೊಂದು ಯೋಗ. ಎರಡಕ್ಕೂ ನನ್ನ ವಿರೋಧವಿಲ್ಲ. ಆದರೆ ಭಜನೆಗೆ ಹೋದರೆ ಪ್ರಸಾದ ಹಂಚುವ ಕೆಲಸ ತಲೆಗೆ ಬೀಳುತ್ತದೆ, ಯೋಗಕ್ಕೆ ಹೋದರೆ ಬಗ್ಗಿದವಳು ಮತ್ತೆ ಏಳುವುದು ಅನುಮಾನ. ಹಾಗಾಗಿ ನಾನು ಸ್ಯಾಕ್ಸೋಫೋನ್ ತಂದೆ. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ವಾಸವಾಗಿರುವ, ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವ, ಮಂಡಿನೋವಿನ ಹೆಂಗಸೊಬ್ಬಳು ಯಾರ ಅಪ್ಪಣೆಯನ್ನೂ ಕೇಳದೆ ಸ್ಯಾಕ್ಸೋಫೋನ್ ತಂದುಬಿಟ್ಟಳು ಎಂಬುದನ್ನು ಇವತ್ತಿಗೂ ಎದೆಯುಬ್ಬಿಸಿಯೇ ಹೇಳುತ್ತೇನೆ.

ಇದಕ್ಕೆಲ್ಲ ಕಾರಣ ಮೊಬೈಲು. ಒಂದು ಬೆಳಿಗ್ಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತಾ ಏನನ್ನೋ ಹುಡುಕಲು ಹೋಗಿ, ಇಪ್ಪತ್ತನೇ ಶತಮಾನದ ಸಂಗೀತದ ಬಗ್ಗೆ ಯಾರೋ ಮಾಡಿದ್ದ ಉಪನ್ಯಾಸಗಳಿಗೆ ಸಿಕ್ಕಿಹಾಕಿಕೊಂಡೆ. ರವೆ ಸೀದುಹೋಯಿತು, ನಾನು ಉದ್ಧಾರವಾದೆ. ಜಾಝ್ ಎಂದರೆ ದೊಡ್ಡ ಹೋಟೆಲುಗಳಲ್ಲಿ ಕೋಟು ಹಾಕಿಕೊಂಡವರು ಕೇಳುವುದು ಎಂದುಕೊಂಡಿದ್ದೆ. ನೋಡಿದರೆ ಅದು ಅಮೆರಿಕದ ಕಪ್ಪುಜನ ಬೀದಿಯಲ್ಲಿ ಮೆರವಣಿಗೆಗೂ ಹೆಣದ ಹಿಂದೆಯೂ ಊದುತ್ತಿದ್ದ ಬ್ಯಾಂಡಿನ ಮನೆಮಗಳು! ನಮ್ಮಲ್ಲೂ ಅದೇ ಬ್ಯಾಂಡ್‌ಸೆಟ್ಟಿನವರು ಬೆಳಿಗ್ಗೆ ಮರಳೂರಿನ ಮದುವೆಗೂ ಸಂಜೆ ಉಪ್ಪಾರಹಳ್ಳಿಯ ಅಂತ್ಯಯಾತ್ರೆಗೂ ಅದೇ ಅಂಗಿ ತೊಟ್ಟು ಹೋಗುವುದನ್ನು ನೋಡಿದ್ದೇನಲ್ಲ, ಇದು ನಮ್ಮ ಪೈಕಿಯದೇ ಸಂಗೀತ ಎನಿಸಿಬಿಟ್ಟಿತು. ಅವರಿಗೂ ನಮಗೂ ಇದ್ದ ವ್ಯತ್ಯಾಸ ಇಷ್ಟೇ, ಅವರು ಒಂದೇ ಧಾಟಿಯನ್ನು ಹಿಡಿದು ಪ್ರತಿಸಲವೂ ಹೊಸದಾಗಿ ಬೆಳೆಸುತ್ತಾ ಹೋದರು.

ಕಲಿಯಲು ಶುರುಮಾಡಿದ ಮೇಲೆ ಒಂದು ಸತ್ಯ ಹೊಳೆಯಿತು. ಮೊದಲ ಕೆಲವು ದಿನ ಎಷ್ಟು ಊದಿದರೂ ವಾದ್ಯದಿಂದ ಸದ್ದೇ ಬರಲಿಲ್ಲ. ಆಮೇಲೆ ಆ ಉಪನ್ಯಾಸದಲ್ಲೇ ಕೇಳಿದೆ, ಒಬ್ಬ ಮಹಾನುಭಾವ ಕಛೇರಿಯಲ್ಲಿ ಏನನ್ನೂ ನುಡಿಸದೆ ಕೂತು ಅದನ್ನೇ ಸಂಗೀತ ಎಂದಿದ್ದನಂತೆ. ಸದ್ದು ಬಂದ ಮೇಲೆ ಒಂದೇ ಸ್ವರ ಬಂತು, ಅದನ್ನೇ ವಾರಗಟ್ಟಲೆ ಊದಿದೆ. ಇದ್ದದ್ದನ್ನೇ ತಿರುಗಿಸಿ ತಿರುಗಿಸಿ ನುಡಿಸುವುದೂ ಒಂದು ಪಂಥವಂತೆ. ಮಿಕ್ಕ ಸ್ವರಗಳು ಬಂದಾಗ ಯಾವುದೂ ಶ್ರುತಿಯಲ್ಲಿರಲಿಲ್ಲ. ಆಧಾರಶ್ರುತಿಯೇ ಬೇಡ, ಎಲ್ಲ ಸ್ವರವೂ ಸಮಾನ ಎಂದು ಸಾರಿದವರೂ ಯುರೋಪಿನಲ್ಲಿ ಆಗಿಹೋಗಿದ್ದಾರೆ. ಒಟ್ಟಿನಲ್ಲಿ ದೊಡ್ಡ ದೊಡ್ಡವರು ಜೀವಮಾನವಿಡೀ ಹೆಣಗಿ ಮುಟ್ಟಿದ ಕಡೆಗೆಲ್ಲ ನಾನು ಏನೂ ಬಾರದಿದ್ದ ಒಂದೇ ಕಾರಣಕ್ಕೆ ಸಲೀಸಾಗಿ ತಲುಪಿದ್ದೆ. ಈ ವಿಚಾರವನ್ನು ಮನೆಯಲ್ಲಿ ಹೇಳಿದೆ. ಯಾರೂ ಖುಷಿಪಡಲಿಲ್ಲ.

ಮನೆಯಲ್ಲಿ ಎಂದರೆ ನಮ್ಮ ಯಜಮಾನರು ಮತ್ತು ಅತ್ತೆ. ಯಜಮಾನರು ಸಾಧುಪ್ರಾಣಿ, ಪೆಟ್ರೋಲ್ ಉಳಿಸುವುದೊಂದು ಬಿಟ್ಟರೆ ಬೇರೆ ಹುಚ್ಚಿಲ್ಲ. ಅತ್ತೆ ಗುಬ್ಬಿಯವರು. ಚಿಕ್ಕಂದಿನಲ್ಲಿ ಕಂಪನಿ ನಾಟಕ ನೋಡಿ, ಕಾಲಿನಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ ಕೇಳಿ ಬೆಳೆದವರು. ಹಾಗಾಗಿ ಸಂಗೀತದ ವಿಷಯದಲ್ಲಿ ಮನೆಯ ಹೈಕೋರ್ಟು ಅವರೇ. ವಾದ್ಯವನ್ನು ನೋಡಿದ ದಿನವೇ ತೀರ್ಪು ಕೊಟ್ಟರು.

"ಇದ್ರ ಸದ್ದು ನಂಗೊತ್ತಿಲ್ವೇನಮ್ಮ? ಹಳೇ ಸಿನಿಮಾದಲ್ಲಿ ಖಳನಾಯಕ ಬಾಟ್ಲಿ ಹಿಡ್ಕೊಂಡು ಕೂತ್ಕಂಡಾಗ ಊದ್ತಿದ್ರಲ್ಲ, ಅದೇ ಕಣೇ ಇದು."

"ಕರಾವಳಿ ಕಡೆ ದೇವಸ್ಥಾನದಲ್ಲೇ ಊದ್ತಾರೆ ಅತ್ತೆ."

"ಊದ್ಲಿ ಬುಡು. ಅಲ್ಲಿ ದೇವ್ರು ಎದ್ದೋಗೋ ಹಂಗಿಲ್ಲ."

ಮಹಡಿಯ ಮೇಲೆ ನೀರಿನ ಟ್ಯಾಂಕಿನ ಮರೆಯಲ್ಲಿ ಕೂತು ಅಭ್ಯಾಸ ಮಾಡತೊಡಗಿದೆ. ಪಕ್ಕದ ಮನೆಯಲ್ಲಿ ನಂಜುಂಡಯ್ಯನವರು ಎಂಬ ನಿವೃತ್ತ ಹೆಡ್ಮಾಸ್ಟರು. ಮೊದಲ ಸಲ ಕಾಂಪೌಂಡಿನಿಂದ ಕತ್ತು ಚಾಚಿ, "ಮೇಡಂ, ನಿಮ್ಮ ಮೋಟ್ರು ನೀರಿಲ್ದೆ ಓಡ್ತಾ ಇದೆ ಅನ್ಸುತ್ತೆ, ಆಫ್ ಮಾಡಿ, ಕಾಯಿಲ್ ಸುಟ್ಟೋಗುತ್ತೆ" ಎಂದು ಕಾಳಜಿಯಿಂದಲೇ ಹೇಳಿದರು. ಎರಡನೇ ಸಲ ಮನೆಯೊಳಗೇ ಬಂದು, ಕಾಫಿ ಕುಡಿದು, "ಹೇಳ್ಬಾರ್ದು, ಆದ್ರೂ ಹೇಳ್ತೀನಿ, ನಮ್ಮನೆಯವ್ರಿಗೆ ಬಿಪಿ ಜಾಸ್ತಿಯಾಗಿದೆ" ಎಂದರು. ಅವರು ಅತ್ತ ಹೋದ ಮೇಲೆ ಇತ್ತ ನಮ್ಮ ಮನೆಯಲ್ಲಿ ಸಭೆ ಸೇರಿತು. ಸ್ಯಾಕ್ಸೋಫೋನನ್ನು ತಂದ ಅಂಗಡಿಗೇ ವಾಪಸ್ಸು ಕೊಡುವುದೆಂದು ನನ್ನೊಬ್ಬಳ ವಿರೋಧದ ನಡುವೆ ತೀರ್ಮಾನವಾಯಿತು. ಅಂಗಡಿ ಬೆಂಗಳೂರಿನಲ್ಲಿ. ಅದಕ್ಕೆಂದೇ ಹೋಗುವುದು ದಂಡ ಎಂದು ಯಜಮಾನರು, "ಕುಣಿಗಲ್ಲಲ್ಲಿ ಕಾವ್ಯನ ಮದುವೆ ಇದೆಯಲ್ಲ, ಊಟ ಮುಗಿಸ್ಕೊಂಡು ಹಂಗೇ ಹೈವೇ ಹಿಡಿದ್ರೆ ಆಯ್ತು. ಒಂದೇ ಪೆಟ್ರೋಲಲ್ಲಿ ಎರಡು ಕೆಲಸ" ಎಂದರು. ಕಾವ್ಯ ನನ್ನ ನಾದಿನಿಯ ಮಗಳು. ಉಡುಗೊರೆಯ ಬೆಳ್ಳಿ ದೀಪ ಕಾರಿನ ಹಿಂದಿನ ಸೀಟಿನಲ್ಲಿ, ನನ್ನ ವಾದ್ಯ ಡಿಕ್ಕಿಯಲ್ಲಿ, ತೋಟದ ತೆಂಗಿನಕಾಯಿ ಮೂಟೆಯ ಪಕ್ಕ. ದಾರಿಯುದ್ದಕ್ಕೂ ನನಗೆ ಅಳುವೇ ಬರುತ್ತಿತ್ತು. ಮದುವೆಮನೆಯಲ್ಲಿ ಕಣ್ಣು ಕೆಂಪಾಗಿದ್ದರೆ ಯಾರೂ ಕಾರಣ ಕೇಳುವುದಿಲ್ಲ, ಅದೊಂದು ಅನುಕೂಲ.

ಛತ್ರದಲ್ಲಿ ಎಲ್ಲವೂ ಸರಿಯಾಗಿತ್ತು, ವಾಲಗವೊಂದು ಬಿಟ್ಟು. ಮುಹೂರ್ತಗಳ ಕಾಲ, ಕುಣಿಗಲ್ಲಿನ ಛತ್ರಗಳೆಲ್ಲ ಭರ್ತಿ. ನಾಗಸ್ವರದವರು ಎರಡು ಮದುವೆ ಒಪ್ಪಿಕೊಂಡಿದ್ದರು. ಅಲ್ಲಿನ ತಾಳಿ ಮುಗಿಸಿ ಇಲ್ಲಿನ ತಾಳಿಗೆ ಓಡಿಬರುವ ಲೆಕ್ಕಾಚಾರ. ನಂಬಿಕೆಗೆ ಇರಲಿ ಎಂದು ಡೋಲಿನ ಶಿವಣ್ಣನವರನ್ನು ನಮ್ಮಲ್ಲಿ ಅಡವಿಟ್ಟು ಹೋಗಿದ್ದರು. ಆದರೆ ಅಲ್ಲಿನ ಮದುಮಗಳ ಮೇಕಪ್ಪು ಮುಗಿಯಲೇ ಇಲ್ಲ. ಇಲ್ಲಿ ಪುರೋಹಿತರು ಮಾಂಗಲ್ಯಕ್ಕೆ ಆಶೀರ್ವಾದ ಮಾಡಿಸಿಕೊಂಡು ಬಂದರು, ಎಲ್ಲರ ಕೈಯಲ್ಲೂ ಅಕ್ಷತೆ, ನಾಗಸ್ವರದವರ ಫೋನು ಸ್ವಿಚ್ ಆಫ್.

ಗಟ್ಟಿಮೇಳವಿಲ್ಲದೆ ತಾಳಿ ಕಟ್ಟುವುದುಂಟೇ? ಆ ಹೊತ್ತಿನಲ್ಲಿ ಸೀನು, ಅಳು, ಕೆಟ್ಟಮಾತು ಯಾವುದೂ ವಧೂವರರ ಕಿವಿಗೆ ಬೀಳಬಾರದೆಂದೇ ಅಲ್ಲವೇ ಅಷ್ಟು ಜೋರಾಗಿ ಬಾರಿಸುವುದು? ಯಾರೋ ಮೊಬೈಲಿನಲ್ಲಿ ಹಾಕೋಣ ಎಂದರು. "ತಾಳೀನೂ ಮೊಬೈಲಲ್ಲೇ ಕಟ್ಟುಸ್ಬುಡ್ರಪ್ಪ ಹಂಗಾರೆ" ಎಂದು ಅತ್ತೆ ಗದರಿದರು. ನನ್ನ ನಾದಿನಿಯ ಮುಖ ಬಿಳಿಚಿಕೊಂಡಿತ್ತು. ಗಂಡಿನ ಸೋದರತ್ತೆಯೊಬ್ಬರು, ಬೆಳಗಿನ ಕಾಫಿ ಆರಿದ್ದರಿಂದ ಮೊದಲೇ ಸಿಡುಕಿನಲ್ಲಿದ್ದವರು, ಮಂಟಪದ ಪಕ್ಕದಲ್ಲೇ ನಿಂತು ಗೊಣಗುತ್ತಿದ್ದರು. ಅವರ ದನಿ ಏರುತ್ತಿತ್ತು. ಅತ್ತೆ ಅವರನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

"ಏ ಶೈಲಾ, ಡಿಕ್ಕೀಲೈತಲ್ಲ, ಅದ್ನ ತಗಂಬಾ."

"ಅಮ್ಮಾ, ಅದು ವಾಪಸ್ ಕೊಡಕ್ಕೆ ಇಟ್ಟಿರೋದು" ಎಂದರು ಯಜಮಾನರು.

"ವಾಪಸ್ಸು ಆಮೇಕ್ ಕೊಡೀವಂತೆ. ತಾಳಿ ಈಗ್ಲೇ ಕಟ್ಬೇಕು."

ಮಂಡಿನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿ, ವಾದ್ಯವನ್ನು ಕೊರಳಿಗೆ ಹಾಕಿಕೊಂಡು ಬಂದೆ. ಶಿವಣ್ಣನವರು ಹೊಳೆಯುವ ಆ ಕೊಳವೆಯನ್ನು ನೋಡಿ, "ಯಾವ್ ರಾಗ ತಾಯಿ?" ಎಂದರು. ಮೊದಲು ಮೋಹನ ಎನ್ನೋಣವೆಂದುಕೊಂಡೆ. ನನಗೆ ಮೋಹನ ಬರುತ್ತಿರಲಿಲ್ಲ. ಬೇರೆ ಯಾವುದೂ ಬರುತ್ತಿರಲಿಲ್ಲ. "ನೀವು ಬಾರಿಸಿ ಶಿವಣ್ಣ, ನಾನು ಬಂದ ಹಾಗೆ ಬರ್ತೀನಿ" ಎಂದೆ. ಜಾಝಿನ ಇಡೀ ಶಾಸ್ತ್ರ ಆ ಮಾತಿನಲ್ಲಿದೆ ಎಂದು ಆಮೇಲೆ ಹೊಳೆಯಿತು. ಪುರೋಹಿತರು "ಗಟ್ಟಿಮೇಳ! ಗಟ್ಟಿಮೇಳ!" ಎಂದು ಬೆರಳಾಡಿಸಿದರು. ಅದೇ ಕ್ಷಣಕ್ಕೆ ಸೋದರತ್ತೆ ಸಭೆಗೆಲ್ಲ ಕೇಳುವಂತೆ, "ವಾಲಗಾನೇ ಇಲ್ದಿದ್ಮೇಲೆ ಇದೇನ್ ಮದ್ವೇನೋ ಇಲ್ಲಾ..." ಎಂದು ಬಾಯಿ ತೆರೆದರು.

ಮುಂದಿನ ಪದ ಏನೆಂದು ಇಡೀ ಛತ್ರಕ್ಕೆ ಗೊತ್ತಿತ್ತು. ಯಾರಿಗೂ ಅದು ಕೇಳಿಸಲಿಲ್ಲ. ನಾನು ಊದಿದೆ! ಸಿಕ್ಕ ಕೀಗಳನ್ನೆಲ್ಲ ಒತ್ತಿ, ಹೊಟ್ಟೆಯೊಳಗಿನ ಉಸಿರನ್ನೆಲ್ಲ ತುಂಬಿ, ಮಹಡಿಯ ಮೇಲೆ ಹೆದರಿ ಹೆದರಿ ಅಡಗಿಸಿಟ್ಟಿದ್ದ ಅಷ್ಟನ್ನೂ ಒಂದೇ ಸಲಕ್ಕೆ ಊದಿಬಿಟ್ಟೆ. ಶಿವಣ್ಣನವರು ಬೆಚ್ಚಿದ್ದು ಅರೆಗಳಿಗೆ. ಆಮೇಲೆ ಮೈಮೇಲೆ ಬಂದವರಂತೆ ಡೋಲಿನ ಮೇಲೆ ಬಿದ್ದರು. ನಾನು ಮೇಲೆ ಹೋದರೆ ಅವರೂ ಮೇಲೆ, ನಾನು ತಡವರಿಸಿದರೆ ಅವರ ಕೈ ಅಲ್ಲಿ ತುಂಬಿಕೊಳ್ಳುತ್ತಿತ್ತು. ಅಮೆರಿಕದಲ್ಲಿ ಕೆಲವರು ರಾಗ ಬೇಡ, ಲೆಕ್ಕ ಬೇಡ, ಎಲ್ಲರೂ ಒಟ್ಟಿಗೆ ಮನಸ್ಸಿಗೆ ಬಂದದ್ದನ್ನು ಊದೋಣ ಎಂದು ಹೊರಟಾಗ ಪಂಡಿತರೆಲ್ಲ ದಂಗುಬಡಿದುಹೋದರಂತೆ. ಒಂದು ಸಲ ಕುಣಿಗಲ್ಲಿಗೆ ಬಂದು ತಾಳಿ ಕಟ್ಟುವಾಗ ನಿಂತಿದ್ದರೆ ಅವರಿಗೆ ಅಷ್ಟು ಆಶ್ಚರ್ಯವಾಗುತ್ತಿರಲಿಲ್ಲ. ಅಕ್ಷತೆಯ ಮಳೆ ನಿಂತಾಗ ಕಾವ್ಯ ಕೊರಳಿನ ತಾಳಿ ಮುಟ್ಟಿಕೊಂಡು ನನ್ನ ಕಡೆ ನೋಡಿ ನಗುತ್ತಿದ್ದಳು. ಸೋದರತ್ತೆಯ ಬಾಯಿ ಇನ್ನೂ ತೆರೆದೇ ಇತ್ತು.

ಊಟದ ಪಂಕ್ತಿಯಲ್ಲಿ ನನಗೆ ಎರಡೆರಡು ಹೋಳಿಗೆ ಬಿತ್ತು. ಬೆವರು ಒರೆಸಿಕೊಂಡು ಓಡಿಬಂದ ನಾಗಸ್ವರದವರು ನಡೆದದ್ದನ್ನು ಕೇಳಿ ನನಗೆ ಕೈಮುಗಿದರು. ಕೈತೊಳೆದು ಕಾರಿನ ಹತ್ತಿರ ಬಂದಾಗ ಯಜಮಾನರು ಬೆಂಗಳೂರಿನ ಕಡೆಗೆ ಮೂತಿ ಮಾಡಿ ಗಾಡಿ ನಿಲ್ಲಿಸಿಕೊಂಡಿದ್ದರು. ಅತ್ತೆ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು.

"ತಿರುಗ್ಸೋ ಗಾಡೀನ. ಮನೇಗೋಗಾನ."

ಪೆಟ್ರೋಲಿನ ಮಾತೆತ್ತಲು ಯಜಮಾನರಿಗೆ ಧೈರ್ಯ ಬರಲಿಲ್ಲ. ತುಮಕೂರಿನವರೆಗೂ ವಾದ್ಯವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಯುದ್ಧ ಗೆದ್ದ ಸೇನಾಪತಿಗೂ ಅಂಥ ಮೆರವಣಿಗೆ ಸಿಕ್ಕಿರಲಾರದು.

ಈಗ ನನ್ನ ಅಭ್ಯಾಸಕ್ಕೆ ಯಾರ ತಕರಾರೂ ಇಲ್ಲ. ನೆಂಟರಲ್ಲಿ ಎಲ್ಲೇ ಮದುವೆಯಾದರೂ ನನಗೆ ಖುದ್ದಾಗಿ ಕರೆ ಬರುತ್ತದೆ, "ಗಟ್ಟಿಮೇಳಕ್ಕೆ ಮಾತ್ರ ಶೈಲಾ, ಮುಂಚೆ ಏನೂ ಬೇಡ, ಆಮೇಲೂ ಬೇಡ" ಎಂಬ ಕಟ್ಟಪ್ಪಣೆಯೊಂದಿಗೆ. ನಂಜುಂಡಯ್ಯನವರಂತೂ ತಮ್ಮ ಮನೆಯಲ್ಲಿ ಗಂಡಹೆಂಡಿರ ಮಾತು ಬೀದಿಗೆ ಕೇಳುವಷ್ಟು ಏರಿದಾಗ ಕಾಂಪೌಂಡಿನ ಹತ್ತಿರ ಬಂದು, "ಮೇಡಂ, ಇವತ್ತು ಊದಲ್ವಾ?" ಎಂದು ಮೆಲ್ಲಗೆ ಕೇಳುತ್ತಾರೆ. ನಾನು ಮಹಡಿ ಹತ್ತುತ್ತೇನೆ.

ಆದರೂ ಕಲಾವಿದೆಯ ಆಸೆ ಬಿಡುತ್ತದೆಯೇ? ಗುಟ್ಟಾಗಿ ಸಾಧನೆ ಮಾಡಿ ಕೊನೆಗೂ ಮೋಹನ ಕಲಿತೆ. ಮೊನ್ನೆ ಸಂಜೆ ಟ್ಯಾಂಕಿನ ಮರೆಯಿಂದ ಈಚೆ ಬಂದು, ಶ್ರುತಿ ಸರಿಯಾಗಿ ಹಿಡಿದು, ನಿಧಾನವಾಗಿ, ಒಂದು ಸ್ವರವೂ ಜಾರದಂತೆ ನುಡಿಸಿದೆ. ನನಗೇ ಕಣ್ಣು ತುಂಬಿಬಂತು. ಕೆಳಗಿನಿಂದ ಅತ್ತೆಯ ಗಾಬರಿಯ ದನಿ ಕೇಳಿತು.

"ಯಾಕ್ ಶೈಲಾ, ಹುಷಾರಿಲ್ವಾ? ಚೆನ್ನಾಗಿ ಬರ್ತಿತ್ತಲ್ಲ, ಮರ್ತೋಯ್ತಾ?"

ಸಿಕ್ಕ ಕೀಗಳನ್ನೆಲ್ಲ ಒತ್ತಿ ಒಮ್ಮೆ ಜೋರಾಗಿ ಊದಿದೆ.

"ಹಾಂ, ಈಗ್ ಬಂತು ನೋಡು" ಎಂದರು ಅತ್ತೆ.