ದಾರ ಕಟ್ಟಿದ ಸೌತೆಕಾಯಿ

ನಮ್ಮ ಮದುವೆಯಲ್ಲಿ ಮಾವನವರು ಊಟದ ಹೊತ್ತಿಗೆ ಬಂದು ಕೂತರು. ಆದರೆ ಸೌತೆಹೂವುಗಳ ಮದುವೆಯನ್ನು ಮುಂದೆ ನಿಂತು ಮಾಡಿದರು! ನಗಬೇಡಿ, ನಾನು ಕಣ್ಣಾರೆ ಕಂಡವಳು.

ನಿಂಬರ್ಗಾದಿಂದ ಗೊಬ್ಬೂರಿಗೆ ನಾನು ಸೊಸೆಯಾಗಿ ಬಂದ ಬೇಸಿಗೆಯದು. ಇಲ್ಲಿನ ಗಿಡ್ಡ ಸೌತೆಗೂ ಸೋಲಾಪುರ ಕಡೆಯ ಉದ್ದ ಸೌತೆಗೂ ಬೀಗತನ ಮಾಡಿಸಿ, ಕಹಿಯೇ ಇಲ್ಲದ ತಳಿ ತೆಗೆಯುವ ಹಟ ಮಾವನವರದು. ಹಿತ್ತಲಲ್ಲಿ ಬಿದಿರು ನೆಟ್ಟು, ಧೋತರ ಹೊದಿಸಿ ಬಳ್ಳಿಗೊಂದು ಮನೆ ಕಟ್ಟಿದರು. ಬಿಸಿಲು ತಾಗಬಾರದು, ಜೇನು ನುಗ್ಗಬಾರದು! ಸಂಜೆ ಹೆಣ್ಣುಮೊಗ್ಗಿನ ಬಾಯಿ ಕಟ್ಟುವುದು, ಬೆಳಿಗ್ಗೆ ಬಿಚ್ಚಿ ಗಂಡುಹೂವು ಸವರುವುದು. ಬಳ್ಳಿಗೆ ಎರಡು ಧೋತರ, ಮಾವನವರಿಗೆ ಒಂದೇ! ಅದನ್ನು ಒಗೆದ ದಿನ ಕಂಬಳಿ ಸುತ್ತಿಕೊಂಡು ಕೂಡುತ್ತಿದ್ದರು.

“ಮಗನ ಲಗ್ನಕ್ಕ ಇಷ್ಟು ಓಡಾಡಿದ್ರೇನ್ರಿ?” ಎಂದರು ಅತ್ತೆ.

“ಸುಮ್ಕಿರ ಬೇ. ಈ ಬೀಗರು ಸಿಟ್ಟಾಗಂಗಿಲ್ಲ, ಹೋಳಿಗಿ ಕೇಳಂಗಿಲ್ಲ!”

ಒಮ್ಮೆ ನನ್ನೊಡನೆ ಮೆಲ್ಲಗೆ ಅಂದರು: “ನಿಮ್ಮತ್ತಿ ಸೌತಿಕಾಯಿ ಹೆಚ್ಚೂದು ನೋಡೀಯೇನವ್ವಾ? ಮೊದಲು ತುದಿ ತಾ ಕಡಿತಾಳ. ಸಿಹಿ ಇದ್ರ ನಮಗ, ಕಹಿ ಇದ್ರ ಆಕಿಗೆ. ಮೂವತ್ತು ವರ್ಷ ಆತು.”

ಮರುವರ್ಷ ನಿಜಾಮನ ಸೀಮೆಯಲ್ಲೆಲ್ಲ ಲೂಟಿ, ದಂಗೆಯ ಗದ್ದಲ. ಅಫಜಲಪುರದ ಸಂತೆಯೂ ನಿಂತಿತ್ತು. ಬಾವಿಯಲ್ಲಿ ನೀರಿತ್ತು, ಮನೆಯಲ್ಲಿ ಜೋಳವಿತ್ತು; ಶಿವನ ದಯೆ. ಹೊಸ ಬೀಜದಲ್ಲಿ ಬದುಕಿದ್ದು ಒಂದೇ ಬಳ್ಳಿ, ಬಿಟ್ಟಿದ್ದು ಒಂದೇ ಕಾಯಿ. ಅದಕ್ಕೆ ಕೆಂಪು ದಾರ ಕಟ್ಟಿ ಮಾವನವರು ಹೊಲಕ್ಕೆ ಹೋದರು. ಯಾಕೆಂದು ಹೇಳಿದರೇ? ಗಂಡಸರು ಎಲ್ಲಿ ಹೇಳುತ್ತಾರೆ! ನನ್ನ ತವರಲ್ಲಿ ಹೊಸ ಬಳ್ಳಿಯ ಮೊದಲ ಕಾಯಿ ಜಂಗಮರಿಗೆ ಮೀಸಲು; ಯಾರೂ ಮುಟ್ಟದಿರಲೆಂದು ದಾರ ಕಟ್ಟುತ್ತಿದ್ದೆವು.

ಅಂದೇ ಮಧ್ಯಾಹ್ನ ಜಂಗಮ ಅಯ್ಯನವರು ಭಿಕ್ಷೆಗೆ ಬರಬೇಕೇ! ರೊಟ್ಟಿಗೆ ಹಚ್ಚಿಕೊಳ್ಳಲು ಬರೀ ಹಿಂಡಿ, ಒಣ ಚಟ್ನಿಪುಡಿ. ಶಿವನೇ ಮೀಸಲಿಟ್ಟಿದ್ದಾನೆಂದು ಹಿಗ್ಗಿ, ಆ ಕಾಯಿ ಹೆಚ್ಚಿ ಬಡಿಸಿದೆ. ಅಯ್ಯನವರು ಒಂದು ಹೋಳು ಪ್ರಸಾದವಾಗಿ ಉಳಿಸಿ, ಹರಸಿ ಹೊರಟರು.

ಮಾವನವರು ಬಂದು ಬಳ್ಳಿ ನೋಡಿದರು, ತಾಟು ನೋಡಿದರು.

“ಬೀಜಕ್ಕ ಇಟ್ಟಿದ್ದೆನವ್ವಾ,” ಅಂದರು, ಅಷ್ಟೇ.

ಬೈದಿದ್ದರೆ ಚೆನ್ನಾಗಿತ್ತು. ಎಳೆಗಾಯಿಯ ಬೀಜ ಮೊಳೆಯುವುದಿಲ್ಲ. ನನ್ನ ಕಣ್ಣು ತುಂಬಿತು. ಅವರು ಉಳಿದ ಹೋಳನ್ನು ಅತ್ತೆಯ ಕೈಗಿತ್ತು, ಮಗುವಿನಂತೆ ಮುಖ ನೋಡುತ್ತ ನಿಂತರು. ಅತ್ತೆ ಅರ್ಧ ಕಚ್ಚಿ ಅಗಿದರು. ಒಮ್ಮೆ ನನ್ನತ್ತ ನೋಡಿದರು.

“ಕಹಿ ಐತ್ರಿ.”

“ಖರೇನ? ಹಂಗಾರ ಬೀಜ ಹೋಗಿದ್ದ ಛಲೋ ಆತು! ಮತ್ತ ಬ್ಯಾರೆ ಬೀಗರ್ನ ಹುಡುಕೂಣು!” ಮಾವನವರು ಹುರುಪಿನಿಂದ ಹಿತ್ತಲಿಗೆ ನಡೆದರು.

ಅತ್ತೆ ಉಳಿದರ್ಧವನ್ನು ನನ್ನ ಕೈಗೆ ಹಾಕಿದರು. ಕಣ್ಣಿಗೊತ್ತಿ ಬಾಯಿಗಿಟ್ಟುಕೊಂಡೆ. ಅಂಥ ಸಿಹಿ ಸೌತೆಕಾಯಿಯನ್ನು ನಾನು ಇಂದಿಗೂ ತಿಂದಿಲ್ಲ.