ಮೈಕಿನವನ ಮಗಳಿಗೆ ಬಿ.ಎ. ಸೀಟು

ಸಿದ್ಧಕಟ್ಟೆಯ ನಿತ್ಯಾನಂದನ ಮನೆಯಲ್ಲಿ ವಾರದಿಂದ ನಡೆಯುತ್ತಿದ್ದ ಜಗಳಕ್ಕೆಲ್ಲ ಬಿ.ಎ.ಯೇ ಕಾರಣ. ಮಗಳು ನವ್ಯಾಳಿಗೆ ಮೂಡುಬಿದಿರೆಯ ಕಾಲೇಜಿನಲ್ಲಿ ಬಿ.ಎ. ಬೇಕು, ಶಾಮಿಯಾನ, ಮೈಕು ಬಾಡಿಗೆಗೆ ಕೊಡುವ ಅಪ್ಪನಿಗೆ ಬೇಡ. ಫೀಸು ಹೋದ ವರ್ಷ ಏರಿತ್ತು, ಈ ವರ್ಷ ಪುನಃ ಏರಿತ್ತು. ಅಷ್ಟು ಸುರಿದು ಕವಿತೆಯನ್ನೂ ಸತ್ತ ರಾಜರ ಸುದ್ದಿಯನ್ನೂ ಓದುವುದಕ್ಕಿಂತ ಆ ದುಡ್ಡಿಗೆ ಹೊಸ ಕುರ್ಚಿ ತಂದರೆ ಬಾಡಿಗೆಯಾದರೂ ಹುಟ್ಟುತ್ತದೆ ಎಂಬುದು ಅವನ ವಾದ. ಸೋಡಾ ಅಂಗಡಿಯ ಉಸ್ಮಾನ್ ಬಿ.ಕಾಂ. ಒಳ್ಳೆಯದೆಂದ. ಹಾಲಿನ ಸೊಸೈಟಿಯ ಅಧ್ಯಕ್ಷ ಶೀನಪ್ಪಣ್ಣ ನರ್ಸಿಂಗ್ ಎಂದರು. ನವ್ಯಾಳನ್ನು ಮಾತ್ರ ಯಾರೂ ಕೇಳಲಿಲ್ಲ.

ಸೀಟು ಹಿಡಿಯಲು ಇವತ್ತೇ ಕೊನೆಯ ದಿನ, ಅದೂ ಸಂಜೆ ನಾಲ್ಕರೊಳಗೆ. ಬೆಳಿಗ್ಗೆಯೇ ಸೊಸೈಟಿಯ ಹೊಸ ಕಟ್ಟಡದ ಉದ್ಘಾಟನೆ ಇತ್ತು, ಶಾಮಿಯಾನ ನಿತ್ಯಾನಂದನದೇ. ಅದು ಮುಗಿದ ಮೇಲೆ ಪಿಕಪ್ಪಿನಲ್ಲಿ ಮೂಡುಬಿದಿರೆಗೆ ಹೋಗುವುದು, ಬಿ.ಎ.ಯೋ ಬಿ.ಕಾಮೋ ದಾರಿಯಲ್ಲಿ ತೀರ್ಮಾನಿಸುವುದು ಎಂದಾಗಿತ್ತು. ನವ್ಯಾ ಅಂಕಪಟ್ಟಿಯ ಚೀಲ ಹಿಡಿದು ಹಿಂದಿನ ಸಾಲಿನಲ್ಲಿ ಕುಳಿತಿದ್ದಳು.

ಕಾರ್ಯಕ್ರಮ ನಿರೂಪಿಸಬೇಕಿದ್ದ ಮೇಷ್ಟ್ರು ಬರಲಿಲ್ಲ. ಗಂಟಲು ಕಟ್ಟಿದೆ ಎಂದು ಹೇಳಲೂ ಆಗದೆ ಹೆಂಡತಿಯಿಂದ ಫೋನ್ ಮಾಡಿಸಿದ್ದರು. ಶೀನಪ್ಪಣ್ಣನ ಕಣ್ಣು ಸಭೆಯನ್ನೆಲ್ಲ ಸುತ್ತಿ ಆಂಪ್ಲಿಫೈಯರಿನ ಹಿಂದೆ ಕುಳಿತವನ ಮೇಲೆ ನಿಂತಿತು.

"ಮೈಕ್ ನಿನ್ನದೇ ಅಲ್ವಾ ಮಾರಾಯ. ನೀನೇ ಮಾತಾಡು."

ಮೈಕಿನಲ್ಲಿ ‘ಹಲೋ, ಚೆಕ್’ ಎಂಬುದರ ಆಚೆಗೆ ನಿತ್ಯಾನಂದ ಜನ್ಮದಲ್ಲಿ ಏನೂ ಹೇಳಿದವನಲ್ಲ. ಮೊದಲು ಪರಿಚಯಿಸಬೇಕಾದದ್ದು ಕಟ್ಟಡಕ್ಕೆ ಜಾಗ ಬಿಟ್ಟುಕೊಟ್ಟ ಶಿವಸುಬ್ರಹ್ಮಣ್ಯ ಭಟ್ಟರನ್ನು. ಹೃದಯದ ಆಪರೇಷನ್ ಮುಗಿಸಿಕೊಂಡು ಮೊನ್ನೆ ತಾನೇ ಮನೆಗೆ ಬಂದಿದ್ದ ಮುದುಕರು. ನಿತ್ಯಾನಂದ ಮೈಕನ್ನು ಎರಡು ಸಲ ತಟ್ಟಿದ. ಆಗ ಕೈಹಿಡಿದದ್ದು ನುಡಿನಮನಗಳು. ಊರಲ್ಲಿ ಯಾರು ತೀರಿಕೊಂಡರೂ ಉತ್ತರಕ್ರಿಯೆಯ ದಿನ ನುಡಿನಮನವೆಂದು ಗುಣಗಾನ ಮಾಡುವುದುಂಟು, ಅದಕ್ಕೆಲ್ಲ ಅವನದೇ ಮೈಕು. ಕೇಳಿ ಕೇಳಿ ಆ ಮಾತುಗಳಷ್ಟೇ ಬಾಯಿಪಾಠವಾಗಿದ್ದವು.

ಭಟ್ಟರು ಸರಳ ಸಜ್ಜನರು, ಅಜಾತಶತ್ರು ಎಂದ. ಭಟ್ಟರು ತಲೆದೂಗಿದರು. ಅವರಿಲ್ಲದ ಊರನ್ನು ಊಹಿಸುವುದೂ ಕಷ್ಟ ಎಂದ. ತಲೆದೂಗುವುದು ನಿಂತಿತು. ಆದರೆ ಮಾತು ಇಳಿಜಾರಿಗೆ ಬಿದ್ದ ತೆಂಗಿನಕಾಯಿಯಂತೆ ಹೊರಟಾಗಿತ್ತು.

"ಅವರ ಆತ್ಮಕ್ಕೆ ಚಿರಶಾಂತಿ ಕೋರಿ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸುವ."

ಅಭ್ಯಾಸಬಲ ನೋಡಿ, ಸಭೆಗೆ ಸಭೆಯೇ ಎದ್ದು ತಲೆ ಬಗ್ಗಿಸಿತು. ಶೀನಪ್ಪಣ್ಣ ಕಣ್ಣನ್ನೂ ಮುಚ್ಚಿದರು. ಭಟ್ಟರು ತಾವೂ ಅರ್ಧ ಎದ್ದವರು, ಮೌನ ಯಾರಿಗೆಂದು ಹೊಳೆದು ಕುಳಿತರು.

"ನಾನು ಸತ್ತದ್ದು ಯಾವಾಗ?" ಎಂದು ಕೇಳಿದರು. ಪಕ್ಕದಲ್ಲೇ ಇದ್ದ ಮೈಕು ಒಳ್ಳೆಯದಿದ್ದುದರಿಂದ ಅದು ರಸ್ತೆಯವರೆಗೂ ಕೇಳಿಸಿತು.

ಊರುಗೋಲು ತೆಗೆದುಕೊಂಡು ಹೊರಟೇಬಿಟ್ಟರು. ಜಾಗದ ರಿಜಿಸ್ಟ್ರೇಷನ್ ಇನ್ನೂ ಆಗಿಲ್ಲ, ಸತ್ತವನ ಸಹಿ ಹೇಗೂ ನಡೆಯುವುದಿಲ್ಲ ಎಂದರು. ತಡೆಯಲು ಓಡಿದ ನಿತ್ಯಾನಂದ ತನ್ನದೇ ವಯರಿಗೆ ಕಾಲು ಸಿಕ್ಕಿಸಿಕೊಂಡು ಅವರ ಪಾದದ ಬಳಿಯೇ ಬಿದ್ದ. ಭಟ್ಟರು ಪುನಃ ಬಂದು ಕೂರುವ ತನಕ ಅವನ ಪಿಕಪ್ ಅಂಗಳ ಬಿಟ್ಟು ಹೋಗಕೂಡದೆಂದು ಶೀನಪ್ಪಣ್ಣ ಅಪ್ಪಣೆ ಮಾಡಿದರು. ಅಲ್ಲಿಗೆ ಮಗಳ ಸೀಟೂ ಮುಗಿದಂತೆಯೇ.

ಆಗ ನವ್ಯಾ ವೇದಿಕೆ ಹತ್ತಿ ಮೈಕು ತೆಗೆದುಕೊಂಡಳು.

"ಅಜ್ಜ, ನಮ್ಮ ಊರಲ್ಲಿ ಒಬ್ಬರನ್ನು ಬಾಯ್ತುಂಬ ಹೊಗಳುವುದು ಅವರು ಹೋದ ಮೇಲೆ. ಅದು ಊರಿಗೆಲ್ಲ ಕೇಳ್ತದೆ, ಅವರೊಬ್ಬರಿಗೆ ಕೇಳುವುದಿಲ್ಲ. ನಿಮಗಾದರೂ ಇರುವಾಗಲೇ ಕೇಳಲಿ ಅಂತ ಪಪ್ಪ ಹೇಳಿದ್ದು. ಇಷ್ಟು ಜನ ಎದ್ದು ನಿಂತದ್ದನ್ನು ನೀವು ನಿಮ್ಮ ಕಣ್ಣಲ್ಲೇ ನೋಡಿದಿರಲ್ಲ?"

ಪಪ್ಪನಿಗೆ ಅಂಥ ಯೋಚನೆ ಕನಸಿನಲ್ಲೂ ಬಂದಿರಲಿಲ್ಲ. ಭಟ್ಟರು ನಿಂತಲ್ಲೇ ನಿಂತರು. ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು.

"ನನ್ನ ಅಪ್ಪನಿಗೆ ಇದು ಕೇಳಲೇ ಇಲ್ಲ, ಮಗಾ," ಎಂದು ಹೇಳಿ ಬಂದು ಟೇಪು ಕತ್ತರಿಸಿದರು.

ನಿತ್ಯಾನಂದನ ಎದೆ ತುಂಬಿ ಬಂತು. ಹಾಳಾಗಿ ಹೋದ ಮಾತನ್ನು ಎತ್ತಿ, ಒರೆಸಿ, ಒಬ್ಬ ಮುದುಕನ ಕೈಗೆ ಹೂವಿನಂತೆ ಕೊಡುವ ಈ ವಿದ್ಯೆಗೆ ಎಷ್ಟು ಫೀಸು ಕೊಟ್ಟರೂ ಕಡಿಮೆಯೇ ಎನಿಸಿತು. ದಾರಿಯಲ್ಲಿ ತೀರ್ಮಾನಿಸುವುದಕ್ಕೆ ಏನೂ ಉಳಿದಿರಲಿಲ್ಲ. ಗಂಟೆ ನಾಲ್ಕಾಗುವ ಮೊದಲೇ ಬಿ.ಎ.ಗೆ ದುಡ್ಡು ಕಟ್ಟಿದ, ಹಾಸ್ಟೆಲಿಗೂ ಕಟ್ಟಿದ, ಗುಮಾಸ್ತರಿಗೆ ಮಗಳ ಭಾಷಣದ ಕತೆಯನ್ನೂ ಹೇಳಿದ.

ಹೊರಗೆ ಬರುವಷ್ಟರಲ್ಲಿ ಶೀನಪ್ಪಣ್ಣನ ಫೋನು ಬಂತು. ಭಟ್ಟರು ತಮ್ಮ ನುಡಿನಮನದ ಸುದ್ದಿಯನ್ನು ಊರೆಲ್ಲ ಹೇಳಿಕೊಂಡು ಬರುತ್ತಿದ್ದಾರಂತೆ. ಶೀನಪ್ಪಣ್ಣನ ತಾಯಿಗೂ ಬದುಕಿರುವಾಗಲೇ ನುಡಿನಮನ ಆಗಬೇಕಂತೆ, ಈ ಆದಿತ್ಯವಾರವೇ. ಅವರ ಹಿಂದೆ ಊರಿನ ಮುದುಕರೆಲ್ಲ ಸಾಲು ಹಚ್ಚಿದ್ದಾರಂತೆ.

"ಮಾತು ನಿನ್ನದೇ ಆಗಬೇಕು ನಿತ್ಯ. ಇದು ನಿನ್ನ ಯೋಚನೆ ಅಲ್ವಾ?"

ನಿತ್ಯಾನಂದ ಮಗಳ ಮುಖ ನೋಡಿದ.

"ನಾನು ಹಾಸ್ಟೆಲಲ್ಲಿ ಇರ್ತೇನೆ ಪಪ್ಪ," ಎಂದಳು ನವ್ಯಾ.

ಅವನು ಕೌಂಟರಿಗೆ ಮರಳಿ ಬಂದಾಗ ಗುಮಾಸ್ತರು ಬಾಗಿಲು ಎಳೆಯುತ್ತಿದ್ದರು. ಇನ್ನೊಂದು ಬಿ.ಎ. ಸೀಟು ಉಂಟಾ ಎಂದು ಕೇಳಿದ. ಉಂಟು, ಯಾರಿಗೆ ಎಂದರು. ನಿತ್ಯಾನಂದ ಅಂಗಿಯ ಕಾಲರು ಸರಿಮಾಡಿಕೊಂಡು, ನನಗೇ ಎಂದ.

ಗುಮಾಸ್ತರು ಅವನನ್ನು ಮೇಲಿನಿಂದ ಕೆಳಗೆ ನೋಡಿ ಎಲ್ಲಿಯವರೆಗೆ ಓದಿದ್ದೆಂದು ವಿಚಾರಿಸಿದರು. ಎಸ್ಸೆಸ್ಸೆಲ್ಸಿ ಎಂದ.

"ಹಾಗಾದ್ರೆ ಮೊದಲು ಪಿಯುಸಿ ಆಗ್ಬೇಕು. ಅದರ ಆಫೀಸು ಮಾಳಿಗೆಯಲ್ಲಿ ಉಂಟು," ಎಂದರು ಗುಮಾಸ್ತರು. "ಫೀಸು ಅಲ್ಲಿಯೂ ಏರಿದೆ."