ಇಪ್ಪತ್ತಮೂರನೆಯ ಪುಟದ ಆನೆ

ಹೊಟ್ಟೆಕಿಚ್ಚಿನಲ್ಲಿಯೂ ಅಂತಸ್ತು ಇದೆ ಎಂದು ನಂಬಿದವನು ನಾನು. ಕಾರು ಇಟ್ಟುಕೊಂಡ ಪ್ಲಾಂಟರನ್ನು ಕಂಡು ಹೊಟ್ಟೆ ಉರಿದರೆ ಅದಕ್ಕೊಂದು ಗಾಂಭೀರ್ಯವಿದೆ; ನಾಲ್ಕು ಜನರೆದುರು ಹೇಳಿಕೊಳ್ಳಬಹುದು. ನಮ್ಮ ಹೆಡ್ಮಾಸ್ಟರ ಬಿ.ಟಿ. ಪದವಿ ಕಂಡು ಉರಿದರೂ ಅಡ್ಡಿಯಿಲ್ಲ, ಮುಂದೆ ಓದುವ ಹುರುಪಾದರೂ ಬರುತ್ತದೆ. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಎಸ್ಟೇಟ್ ರೈಟರನೊಬ್ಬನನ್ನು ಕಂಡು, ಬಿ.ಎ. ಪಾಸಾದ ಮನುಷ್ಯ ಊಟ ಸೇರದಷ್ಟು ಉರಿಯುವುದನ್ನು ಯಾರಲ್ಲಿ ಹೇಳಿಕೊಳ್ಳುವುದು? ಮನೆಯಲ್ಲಿ ಹೇಳುವಂತಿಲ್ಲ. ಮನೆಯವರೆಲ್ಲ ಅವನ ಕಡೆ. ಅದಕ್ಕೇ ಓದುಗರ ಹತ್ತಿರ ಬಂದಿದ್ದೇನೆ.

ಅವನ ಹೆಸರು ಸುಬ್ಬಯ್ಯ. ಸುಂಟಿಕೊಪ್ಪದ ಹತ್ತಿರ ನಾನು ಬಾಡಿಗೆಗಿರುವ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಒಂದು ಕಾಫಿ ಎಸ್ಟೇಟು. ಬೆಳಿಗ್ಗೆ ಲೈನುಮನೆಗಳ ಆಳುಗಳ ಹೆಸರು ಕೂಗಿ ಹಾಜರಿ ಬರೆಯುವುದು ಅಲ್ಲಿ ಅವನ ಕೆಲಸ. ಈಗ ಅವನು ಪುಸ್ತಕ ಬರೆದಿದ್ದಾನೆ. ಬರೆದು ಸುಮ್ಮನಿದ್ದರೆ ಕ್ಷಮಿಸುತ್ತಿದ್ದೆ. ಮಡಿಕೇರಿಯ ಪ್ರೆಸ್ಸೊಂದರಲ್ಲಿ ಅದು ಅಚ್ಚೂ ಆಗಿದೆ. ‘ಕರಡಿಗವಿಯ ಮಾಯಾವಿ: ಐದು ಜನ ಕೂತು ಆಡುವ ಸಾಹಸದ ಪ್ರಸಂಗ’. ನಲವತ್ತು ಪುಟ. ಮುಖಪುಟದಲ್ಲಿ ಒಂದು ಸಿಂಹ ಉರಿಯುವ ಬಳೆಯೊಳಗಿಂದ ಹಾರುತ್ತಿದೆ. ಒಳಗೆ ಎಲ್ಲಿಯೂ ಸಿಂಹವಿಲ್ಲ, ಬಳೆಯೂ ಇಲ್ಲ. ಪ್ರೆಸ್ಸಿನವರ ಹತ್ತಿರ ಇದ್ದ ಚಿತ್ರದಚ್ಚು ಸರ್ಕಸ್ಸಿನ ಬ್ಲಾಕು ಒಂದೇ ಅಂತೆ. “ಸಿಂಹ ಎಲ್ಲಯ್ಯಾ?” ಎಂದು ನಾನು ಕೇಳಿದರೆ ಸುಬ್ಬಯ್ಯ ಸ್ವಲ್ಪವೂ ನಾಚದೆ, “ಗವಿ ಒಳಗೆ ಎಷ್ಟು ಪ್ರಾಣಿ ಇರ್ತವೆ ಮೇಷ್ಟ್ರೇ, ಎಲ್ಲಾ ಕಣ್ಣಿಗೆ ಬೀಳ್ತವಾ?” ಎಂದ. ಇಂಥವನ ಮೇಲೆ ಕೋಪ ಮಾಡಿಕೊಳ್ಳುವುದು ಕೂಡ ಕಷ್ಟ.

ಆಟ ಏನೆಂದು ಹೇಳಬೇಕು. ಇದು ಪಗಡೆಯಲ್ಲ, ಹಾಸಿಲ್ಲ, ಮನೆಯಿಲ್ಲ, ಕಾಯಿಯಿಲ್ಲ. ಒಬ್ಬ ಕತೆ ಹೇಳುತ್ತಾನೆ. ಕೇಳುವವರು ಸುಮ್ಮನೆ ಕೇಳುವುದಿಲ್ಲ, ಕತೆಯೊಳಗೇ ಇರುತ್ತಾರೆ. ಒಬ್ಬ ಸೇನಾಪತಿ, ಒಬ್ಬ ಬಿಲ್ಲುಗಾರ, ಒಬ್ಬ ಕಳ್ಳ, ಹೀಗೆ. “ನಿಮ್ಮ ಮುಂದೆ ಗವಿ ಇದೆ, ಒಳಗಿಂದ ಗೊರಕೆ ಕೇಳಿಸ್ತಾ ಇದೆ. ಏನು ಮಾಡ್ತೀರಿ?” ಎಂದು ಹೇಳುವವನು ಕೇಳಬೇಕು. ಆಡುವವರು ತಮಗೆ ತೋಚಿದ್ದನ್ನು ಹೇಳಿ ಆರು ಕವಡೆ ಎಸೆಯಬೇಕು. ನಾಲ್ಕೋ ಹೆಚ್ಚೋ ಬಾಯಿ ಮೇಲಾಗಿ ಬಿದ್ದರೆ ಮಾಡಿದ್ದು ಕೈಗೂಡಿತು, ಇಲ್ಲವಾದರೆ ಇಲ್ಲ. ಇಷ್ಟೇ. ಇದನ್ನು ಸುಬ್ಬಯ್ಯ ಹಳೆಯ ಹಾಜರಿ ಪುಸ್ತಕಗಳ ಹಿಂಬದಿಯಲ್ಲಿ ಬರೆದಿಟ್ಟುಕೊಂಡು, ಭಾನುವಾರ ಮಧ್ಯಾಹ್ನ ಎಸ್ಟೇಟ್ ಆಫೀಸಿನ ಜಗುಲಿಯಲ್ಲಿ ಒಂದು ವರ್ಷದಿಂದ ಆಡಿಸುತ್ತಿದ್ದ. ಶುರುಮಾಡುವಾಗ ಆಳುಗಳ ಹಾಜರಿ ಕೂಗುವ ದನಿಯಲ್ಲಿಯೇ “ಸೇನಾಪತಿ!” ಎಂದು ಕೂಗುವನು. ಅವರು “ಹಾಜರ್!” ಎನ್ನಬೇಕು.

ಆ ಸೇನಾಪತಿ ನನ್ನ ಅಪ್ಪ. ನನ್ನ ಊಟ ಸೇರದಿರುವುದು ಇದರಿಂದ.

ಅಪ್ಪನಿಗೆ ಓದು ಬರಹ ಬಾರದು. ಶಿರಂಗಾಲದಲ್ಲಿ ನಾಲ್ಕು ತುಂಡು ಗದ್ದೆ. ಪ್ರಾಯದಲ್ಲಿ ಕೆಲವು ವರ್ಷ ದುಬಾರೆಯಲ್ಲಿ ಸರಕಾರದ ಆನೆಗಳಿಗೆ ಸೊಪ್ಪು ಕಡಿದು ಹಾಕಿದ್ದುಂಟು. ನಮ್ಮ ವಂಶದಲ್ಲಿ ಸ್ಲೇಟು ಹಿಡಿದ ಮೊದಲನೆಯವನು ನಾನು. ಹತ್ತು ಮೈಲಿ ನಡೆದು ಹೈಸ್ಕೂಲು, ಆಮೇಲೆ ಮೈಸೂರಿನ ಒಂದು ಫ್ರೀ ಹಾಸ್ಟೆಲಿನಲ್ಲಿ ನೀರು ಸಾರು ಉಂಡು ಬಿ.ಎ. ಮುಗಿಸಿದೆ. ಬಾಗಿಲ ಮೇಲಿನ ಬೋರ್ಡಿನಲ್ಲಿ ನನ್ನ ಹೆಸರಿಗಿಂತ ಆ ಎರಡು ಅಕ್ಷರ ದೊಡ್ಡದಾಗಿವೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಯಾವ ಅರ್ಜಿಯನ್ನು ಯಾವ ಕಚೇರಿಗೆ ಬರೆಯಬೇಕೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಆದರೆ ನನಗೆ ಗೊತ್ತಿಲ್ಲ ಎಂಬುದು ಯಾರಿಗೂ ಗೊತ್ತಿಲ್ಲದ್ದರಿಂದ ಎಲ್ಲರೂ ನನ್ನ ಹತ್ತಿರವೇ ಬರುತ್ತಿದ್ದರು. ಅಪ್ಪ ಗದ್ದೆಯನ್ನು ಅಣ್ಣನಿಗೆ ಬಿಟ್ಟು ನಮ್ಮ ಜೊತೆ ಇರಲು ಬಂದಾಗ, ಈ ವೈಭವವನ್ನೆಲ್ಲ ಕಣ್ಣಾರೆ ನೋಡಲಿ ಎಂದುಕೊಂಡೆ. ಅವರು ನೋಡಿದರು. ಗೋಡೆಯ ಮೇಲಿನ ಪದವಿ ಪತ್ರಕ್ಕೆ ದಿನಾ ಒಂದು ದಾಸವಾಳ ಸಿಕ್ಕಿಸಿದರು. ಆದರೆ ನಾನು ಪೇಪರು ಓದಿ ಹೇಳಲು ಕೂತರೆ ಎರಡನೆಯ ವಾಕ್ಯಕ್ಕೆ ಆಕಳಿಸುತ್ತಿದ್ದರು. ಅದೇ ಮನುಷ್ಯ ಸುಬ್ಬಯ್ಯನ ಜಗುಲಿಯಲ್ಲಿ ಬಾಯಿಗೆ ಹಾಕಿದ ಎಲೆಯಡಿಕೆ ಅಗಿಯುವುದನ್ನು ಮರೆತು ಕೂರುತ್ತಿದ್ದರು. ನನ್ನ ಮಾತಿಗೆ ಅವರು ಒಂದೇ ಒಂದು ಸಲ ಹಾಗೆ ಕೂತರೆ ಸಾಕೆನಿಸಿಬಿಟ್ಟಿತ್ತು. ವಯಸ್ಸು ಮೂವತ್ತೊಂದು; ಹೇಳಲು ನಾಚಿಕೆ.

ಪುಸ್ತಕ ಅಚ್ಚಾಗುವ ಮೊದಲು, ಸುಬ್ಬಯ್ಯನ ಹುಳುಕು ಹಿಡಿಯಲೆಂದೇ ಒಂದು ಭಾನುವಾರ ಹೋದೆ. ನನ್ನ ಹೆಂಡತಿ ಸರಸು ಆಗಲೇ ಕಳ್ಳನಾಗಿ ಹೆಸರು ಮಾಡಿದ್ದಳು. ಟೈಲರ್ ಮೊಯ್ದು ಬಿಲ್ಲುಗಾರ. ಉಳಿದಿದ್ದದ್ದು ರಾಜಕುಮಾರನ ಪಾತ್ರ. ಮಾಯಾವಿ ಅವನ ಕೈಕಾಲು ಕಟ್ಟಿ, ಬಾಯಿಗೆ ಬಟ್ಟೆ ತುರುಕಿದ್ದ. “ಮಾಷ್ ಎಂತ ಮಾತಾಡುವ ಹಾಗಿಲ್ಲ” ಎಂದು ಮೊಯ್ದು ಖುಷಿಯಿಂದ ನೆನಪಿಸಿದ. ಅವತ್ತು ಹೊಳೆ ದಾಟುವ ಕಡವಿನಲ್ಲಿ ಒಂದು ಆನೆ ಅಡ್ಡ ನಿಂತಿತ್ತು. ಮಾಯಾವಿ ಮಂತ್ರ ಹಾಕಿ ಕಟ್ಟಿದ ರಾಕ್ಷಸ ಆನೆ, ಬೆಂಕಿಯಂಥ ಕಣ್ಣು. ಹೊಡೆಯಬೇಕು, ಇಲ್ಲವೆ ಓಡಬೇಕು. ಸುಬ್ಬಯ್ಯನ ಹಾಜರಿ ಪುಸ್ತಕದಲ್ಲಿ ಬೇರೆ ದಾರಿಯಿರಲಿಲ್ಲ. ಮೊಯ್ದು ಬಾಣ ಹೂಡಿದ.

“ತಡಿಯಪ್ಪ” ಎಂದರು ಅಪ್ಪ. “ರೈಟ್ರೇ, ಕಟ್ಟವ್ನೆ ಅಂದ್ರಲ್ಲ, ಯಾವುದ್ರಲ್ಲಿ ಕಟ್ಟವ್ನೆ?”

ಸುಬ್ಬಯ್ಯ ತಡವರಿಸಿ, “ಸರಪಳಿ ಗೌಡ್ರೇ. ಮಂತ್ರದ ಸರಪಳಿ” ಎಂದ.

“ಮಂತ್ರದ್ದಾದ್ರೂ ಸರಪಳಿ ಸರಪಳೀನೇ. ಉಜ್ಜಿ ಉಜ್ಜಿ ಕಾಲು ಗಾಯ ಆಗಿರ್ತದೆ. ಅದಕ್ಕೇ ಕಣ್ಣು ಹಂಗೆ ಕೆಂಪಗದೆ. ಯಾರೂ ಕೂಗ್ಬೇಡಿ. ನಾನು ಎಡಗಡೆಯಿಂದ ಹೋಗಿ ಬೇವಿನೆಣ್ಣೆ ಹಚ್ತೀನಿ.”

ನಾನು ಬಾಯಿಯ ಬಟ್ಟೆ ಕಿತ್ತು, “ಸೇನಾಪತಿ ಹತ್ತಿರ ಬೇವಿನೆಣ್ಣೆ ಎಲ್ಲಿಂದ ಬಂತಪ್ಪ? ಪುಸ್ತಕದಲ್ಲಿ ಕತ್ತಿ ಗುರಾಣಿ ಅಂತ ಮಾತ್ರ ಇದೆ” ಎಂದೆ.

“ಕಾಡಿಗೆ ಹೋಗೋನು ಎಣ್ಣೆ ಇಲ್ದೆ ಹೋಯ್ತಾನೇನ್ಲಾ?” ಎಂದರು ಅಪ್ಪ, ನನ್ನ ಕಡೆ ತಿರುಗದೆ.

ಈಗ ಸಿಕ್ಕಿಬಿದ್ದ ಎಂದು ಸುಬ್ಬಯ್ಯನ ಮುಖ ನೋಡಿದೆ. ಆ ಪುಣ್ಯಾತ್ಮ ಹಾಜರಿ ಪುಸ್ತಕವನ್ನು ಮುಚ್ಚಿ ಪಕ್ಕಕ್ಕಿಟ್ಟ. “ಎಸೀರಿ ಗೌಡ್ರೇ” ಎಂದ. ಐದು ಕವಡೆ ಬಾಯಿ ಬಿಟ್ಟವು. ಆನೆ ಮುಂಗಾಲು ಮಡಿಸಿ ಕೂತಿತು, ಸೊಂಡಿಲಿನಿಂದ ಅಪ್ಪನ ಭುಜ ಮುಟ್ಟಿತು, ಮೂವರನ್ನೂ ಬೆನ್ನ ಮೇಲೆ ಹೊತ್ತು ಹೊಳೆ ದಾಟಿಸಿತು. ಇಷ್ಟನ್ನೂ ಸುಬ್ಬಯ್ಯ ಕೂತಲ್ಲೇ ಕಟ್ಟಿ ಹೇಳಿದ. ಅಪ್ಪ ಅಂಗೈಗೆ ಎಣ್ಣೆ ಮೆತ್ತಿಕೊಂಡಿದೆಯೆಂಬಂತೆ ಪಂಚೆಗೆ ಒರೆಸಿಕೊಂಡರು. ನಾನು ಬಟ್ಟೆಯನ್ನು ಮತ್ತೆ ಬಾಯಿಗೆ ತುರುಕಿಕೊಂಡೆ.

ಮನೆಗೆ ಬಂದವನೇ ನಿರ್ಧರಿಸಿದೆ: ಎಸ್ಸೆಸ್ಸೆಲ್ಸಿ ಫೇಲಾದವನೇ ಇಷ್ಟು ಮಾಡುವಾಗ ಬಿ.ಎ. ಎಷ್ಟು ಮಾಡಬೇಡ! ಮೂರು ವಾರ ಕೂತು ‘ವಿಜಯಧ್ವಜ ಮಹಾರಾಜನ ದಿಗ್ವಿಜಯ ಪ್ರಸಂಗ’ ಬರೆದೆ. ಎಂಬತ್ತು ಪುಟ. ಸುಬ್ಬಯ್ಯನಂತೆ ಅಡ್ಡಾದಿಡ್ಡಿ ಅಲ್ಲ; ಪ್ರತಿಯೊಂದು ಸಂಕಟಕ್ಕೂ ಸರಿಯಾದ ಉತ್ತರವನ್ನು ಕೊನೆಯಲ್ಲಿ ಕೊಟ್ಟಿದ್ದೆ. ಭಾನುವಾರ ಎಲ್ಲರನ್ನೂ ನಮ್ಮ ಜಗುಲಿಗೆ ಕರೆದೆ. ಸರಸು ಉಪ್ಪಿಟ್ಟು ಮಾಡಿದಳು. ಸುಬ್ಬಯ್ಯನೂ ಬಂದು ಮೂಲೆಯಲ್ಲಿ ಕೂತ. ನಾನು ಎದ್ದು ನಿಂತು ಶುರುಮಾಡಿದೆ. ಕೂತು ಹೇಳುವುದು ನನಗೆ ಬಾರದು. ಅರ್ಧ ಗಂಟೆಯಲ್ಲಿ ಮೊಯ್ದು ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಮಾತಾಡುವ ಮೊದಲು ಕೈ ಎತ್ತುತ್ತಿದ್ದ. ನನ್ನ ಕಿಸೆಯಿಂದ ಕೆಂಪು ಪೆನ್ಸಿಲು ಯಾವಾಗ ಕೈಗೆ ಬಂತೋ ನನಗೇ ತಿಳಿಯದು.

ಅಪ್ಪನ ಸರದಿ ಬಂತು. ಎದುರಿಗೆ ತುಂಬಿದ ನದಿ, ಹಿಂದೆ ಶತ್ರು ಸೈನ್ಯ.

“ಒಂದು ಕೋಲು ಮುರ್ಕೊಂಡು ಆಳ ನೋಡ್ತೀನಿ” ಎಂದರು ಅಪ್ಪ.

“ತಪ್ಪು. ಸೇತುವೆ ಕಟ್ಟಿಸಬೇಕು.”

“ಹಿಂದೆ ಸೈನ್ಯ ಬತ್ತಾ ಅದೆ, ಸೇತುವೆ ಕಟ್ಕೊಂಡು ಕೂರಕಾಯ್ತದಾ ಮಗ? ಕಾವೇರಿ ದಡದಲ್ಲಿ ಹುಟ್ಟಿದೋನು ನಾನು. ನೀರು ನೋಡಿದ್ರೆ ಗೊತ್ತಾಯ್ತದೆ.”

“ಇದು ಕಾವೇರಿ ಅಲ್ಲಪ್ಪ. ಉತ್ತರದ ಪುಟದಲ್ಲಿ ಸೇತುವೆ ಅಂತಲೇ ಇದೆ.”

“ಕವಡೆನಾದ್ರೂ ಎಸೀಲಾ?”

“ತಪ್ಪು ಉತ್ತರಕ್ಕೆ ಕವಡೆ ಇಲ್ಲ. ನೀವು ಮುಳುಗಿ ಹೋದಿರಿ.”

ಅಪ್ಪ ಒಂದು ಗಳಿಗೆ ಕವಡೆಗಳನ್ನು ನೋಡಿದರು. “ಸರಿ, ಸತ್ತೆ ಅನ್ನು” ಎಂದು ಅವನ್ನು ಮೆಲ್ಲಗೆ ನನ್ನ ಮುಂದಿಟ್ಟು, ದನಕ್ಕೆ ನೀರು ತೋರಿಸಲು ಎದ್ದುಹೋದರು. ಸರಸು ಉಪ್ಪಿಟ್ಟಿನ ತಟ್ಟೆ ಎತ್ತುತ್ತಾ, “ರೀ, ನೀವು ಆಟ ಆಡಿಸ್ತಾ ಇದ್ರೋ, ಪೇಪರ್ ತಿದ್ದುತ್ತಾ ಇದ್ರೋ?” ಎಂದಳು. ಇದೂ ತಡೆದುಕೊಳ್ಳಬಹುದಿತ್ತು. ಮರುವಾರ ಸುಬ್ಬಯ್ಯನ ಜಗುಲಿಯಲ್ಲಿ ಹಾಜರಿ ಆಗುವಾಗ ಅಪ್ಪ, “ನಾನು ಸತ್ತೋಗಿದೀನಿ ರೈಟ್ರೇ” ಎಂದರಂತೆ, ಪಾಪ, ನಿಜವಾಗಿಯೂ ಆಡುವ ಹಕ್ಕು ಹೋಯಿತೆಂದುಕೊಂಡು. ಅವನು, “ಎಲ್ಲಿ ಸತ್ರಿ ಗೌಡ್ರೇ? ಮೇಷ್ಟ್ರ ಹೊಳೇಲಿ ಮುಳುಗಿದ್ದು ನಿಜ. ತೇಲಿ ಈಗ ನಮ್ಮ ಕಡವಿಗೆ ಬಂದಿದ್ದೀರಿ. ನಿಮ್ಮ ಆನೆ ದಡದಲ್ಲಿ ಕಾಯ್ತಾ ನಿಂತಿದೆ” ಎಂದನಂತೆ. ಸರಸು ಹೇಳುವಾಗ ಅವಳ ಕಣ್ಣು ತುಂಬಿತ್ತು. ಮಗ ಕೊಂದ ಅಪ್ಪನನ್ನು ರೈಟರ್ ಬದುಕಿಸಿದ. ನನ್ನ ಹೊಟ್ಟೆಕಿಚ್ಚಿಗೆ ಇದಕ್ಕಿಂತ ಸೌದೆ ಬೇಕೆ?

ಇಂಥ ಹೊತ್ತಿಗೆ ಅಚ್ಚಾದ ಪುಸ್ತಕ ಬಂತು. ಬಂದ ದಿನವೇ ನಾನು ಅದನ್ನು ಕೆಂಪು ಪೆನ್ಸಿಲು ಹಿಡಿದು ಓದಿದೆ. ಮೊದಲ ಹತ್ತು ಪುಟಗಳಲ್ಲಿ ಬೇಕಾದಷ್ಟು ತಪ್ಪು ಸಿಕ್ಕಿ ಮನಸ್ಸು ತಂಪಾಯಿತು. ಆಮೇಲೆ ಪೆನ್ಸಿಲು ಕೈಯಲ್ಲೇ ಉಳಿದು ಕತೆ ಓದುತ್ತಾ ಹೋದೆ, ಅದೊಂದು ಅವಮಾನ. ಇಪ್ಪತ್ತಮೂರನೆಯ ಪುಟಕ್ಕೆ ಬಂದಾಗ ಹೀಗಿತ್ತು: ‘ಆನೆಯನ್ನು ಹೊಡೆಯದೆ ಅದರ ಕಾಲಿನ ಗಾಯಕ್ಕೆ ಎಣ್ಣೆ ಹಚ್ಚುವವರು ಮೂವತ್ತನೆಯ ಪುಟಕ್ಕೆ ಹೋಗುವುದು. ಈ ದಾರಿಯನ್ನು ತೋರಿಸಿಕೊಟ್ಟವರು ಶಿರಂಗಾಲದ ಕಾಳೇಗೌಡರು.’

ಸಂಜೆ ಅಪ್ಪ ಪುಸ್ತಕ ಹಿಡಿದು ಬಂದರು. “ಇದ್ರಲ್ಲಿ ನನ್ನ ಹೆಸರದೆ ಅಂತೆ. ಓದ್ಲಾ ಮಗ” ಎಂದು ನನ್ನ ಎದುರಿಗೆ ಕೂತರು. ಹುಟ್ಟಿದಾಗಿನಿಂದ ಅವರು ನನ್ನನ್ನು ಏನನ್ನಾದರೂ ಓದಿಹೇಳು ಎಂದು ಕೇಳಿದ್ದು ಅದೇ ಮೊದಲು. ಓದಿದೆ. ಅಪ್ಪನ ಬಾಯಿಯಲ್ಲಿ ಎಲೆಯಡಿಕೆ ಹಾಗೇ ನಿಂತಿತ್ತು. “ಇನ್ನೊಂದು ಸಲ” ಎಂದರು. ಓದಿದೆ. ಮೂರನೆಯ ಸಲ ಓದುವಾಗ ‘ಕಾಳೇಗೌಡರು’ ಎಂಬಲ್ಲಿ ನಿಲ್ಲಿಸಬೇಕಾದ ನನ್ನ ನಾಲಗೆ ನಿಲ್ಲಲಿಲ್ಲ: “ಇವರ ಮಗ ಬಿ.ಎ. ಪಾಸು ಮಾಡಿದ್ದು, ತಂದೆಗೆ ತಕ್ಕ ಮಗ ಎಂದು ಊರಿನಲ್ಲಿ ಹೆಸರಾಗಿದ್ದಾರೆ.”

ಅಪ್ಪನ ಮುಖ ಅರಳಿತು. ಮೊದಲೆರಡು ಸಲ ಈ ಮಾತು ಯಾಕೆ ಬರಲಿಲ್ಲ ಎಂದು ಕೂಡ ಕೇಳಲಿಲ್ಲ. “ನೋಡು, ನಿನ್ನನ್ನೂ ಬಿಡ್ಲಿಲ್ಲ! ಎಂಥ ದೊಡ್ಡ ಮನಸ್ಸು ಸುಬ್ಬಯ್ಯಂದು!” ಎಂದರು. ನನ್ನ ಬಾಯಿಂದ ಬಂದ ಮಾತಿಗೆ ಅಪ್ಪ ಮೈಮರೆತದ್ದು ಆಯಿತು. ಹೊಗಳಿಕೆ ಹೋಗಿ ಬಿದ್ದದ್ದು ಎಸ್ಟೇಟಿಗೆ.

ಮರುದಿನ ಸುಬ್ಬಯ್ಯ ರಸ್ತೆಯಲ್ಲಿ ಹೋಗುತ್ತಿದ್ದ. ನಾನು ಎದ್ದು ಚಪ್ಪಲಿ ಹುಡುಕುವಷ್ಟರಲ್ಲಿ ಅಪ್ಪ ಅವನನ್ನು ಜಗುಲಿಗೆ ಕರೆದಾಗಿತ್ತು. “ನನ್ನ ಬಗ್ಗೆ ಬರ್ದಿದ್ದು ಸರಿ ರೈಟ್ರೇ. ನಮ್ಮ ಹುಡುಗನ ಬಗ್ಗೇನೂ ಬರ್ದಿದ್ದೀರಲ್ಲ, ಅದು ದೊಡ್ಡದು. ತಂದೆಗೆ ತಕ್ಕ ಮಗ ಅಂತ!” ಸರಸು ಪುಸ್ತಕ ಕೈಗೆತ್ತಿಕೊಂಡು ಇಪ್ಪತ್ತಮೂರನೆಯ ಪುಟ ಬಿಡಿಸಿ ನೋಡಿದಳು, ನನ್ನನ್ನು ನೋಡಿದಳು. ನಾನು ಬೋರ್ಡನ್ನು ನೋಡಿದೆ. ಸುಬ್ಬಯ್ಯ ನನ್ನ ಮುಖವನ್ನು ಒಮ್ಮೆ ನೋಡಿದ್ದಷ್ಟೆ. ಕಣ್ಣು ಕೂಡ ಮಿಟುಕಿಸಲಿಲ್ಲ. “ಬರೀದೆ ಇರಕ್ಕಾಗ್ತದಾ ಗೌಡ್ರೇ? ಇನ್ನೂ ಒಂದು ಮಾತು ಬರ್ದಿದ್ದೆ. ಪ್ರೆಸ್ಸಿನೋರು ಜಾಗ ಇಲ್ಲ ಅಂತ ಬಿಟ್ಟುಬಿಟ್ರು” ಎಂದ.

“ಏನು ಮಾತದು?”

“ಮೇಷ್ಟ್ರಿಗೆ ಗೊತ್ತು. ಅವರೇ ಹೇಳ್ತಾರೆ” ಎಂದು ಕೈಮುಗಿದು ಹೊರಟುಹೋದ.

ಅಪ್ಪ ಆವತ್ತೇ ಪುಸ್ತಕವನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟರು. ಆನೆಯ ಮಾತಿರುವ ಸಾಲುಗಳ ಕೆಳಗೆ ಎರಡು ಬೆರಳಗಲ ಖಾಲಿ ಜಾಗವಿದೆ. ಬಿಟ್ಟುಹೋದ ಮಾತನ್ನು ನಾನು ಅಲ್ಲಿ ದುಂಡಗೆ ಬರೆದು ಓದಿಹೇಳಬೇಕು. ಐದು ದಿನವಾಯಿತು. ಅಪ್ಪ ಬೆಳಿಗ್ಗೆಯೂ ಸಂಜೆಯೂ ಬಂದು “ಬರ್ದಾ?” ಎಂದು ಕೇಳಿ ಹೋಗುತ್ತಾರೆ. ನನ್ನ ಬಗ್ಗೆ ನಾನೇ ಹೊಗಳಿಕೊಳ್ಳುವ ಒಂದು ಒಳ್ಳೆಯ ವಾಕ್ಯ. ಎಂಬತ್ತು ಪುಟ ಬರೆದವನಿಗೆ ಹೊಳೆಯುತ್ತಿಲ್ಲ. ಸುಬ್ಬಯ್ಯನಾಗಿದ್ದರೆ ಕೂತಲ್ಲೇ ಕಟ್ಟಿ ಹೇಳಿಬಿಡುತ್ತಿದ್ದ. ನಾಳೆ ಶಾಲೆ ಬಿಟ್ಟ ಮೇಲೆ, ಯಾರೂ ನೋಡದ ಹಾಗೆ ತೋಟದ ಒಳದಾರಿಯಲ್ಲಿ ಹೋಗಿ, ಅವನನ್ನೇ ಕೇಳಿ ಬರೆಸಿಕೊಂಡು ಬರುವುದೆಂದು ಯೋಚಿಸಿದ್ದೇನೆ.